ಶಾಂತಸ್ವಭಾವ ದೃಢೀಕರಣ ಪತ್ರ

ದೇಹದ ಅಂಗಾಂಗಗಳ ಮೇಲೆ ಹುಟ್ಟಿದ ಗಾದೆಗಳನ್ನು ಕಲೆಹಾಕುತ್ತ ನಾನು ತಲೆಯಿಂದ ಕೆಳಗಿಳಿದು ಕೈಯವರೆಗೆ ಬಂದಿದ್ದೆ. ಒಂದು ಬೀದಿಯ ತಿರುವಿನಲ್ಲಿ ಇಸ್ತ್ರಿಯವನ ಗೂಡಂಗಡಿಯ ಮುಂದೆ ನಿಂತು, "ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಮಾತನ್ನು ನೀವು ಯಾವ ಸಂದರ್ಭದಲ್ಲಿ ಆಡುತ್ತೀರಿ?" ಎಂದು ಕೇಳಿದೆ. ಆತ ಕೆಂಡದ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟ.

"ಬೇಕು ಸ್ವಾಮಿ," ಎಂದ. "ನಮ್ಮ ಬೀದೀಲಿ ಬೇಕಾಯ್ತು. ಕನ್ನಡಿ ಸಾಲದೆ ನೋಟೀಸು ಬೋರ್ಡೂ ಬೇಕಾಯ್ತು."

ಹೀಗೆ ಗಾದೆ ಕೇಳಲು ಹೋದವನಿಗೆ ಕಥೆ ಸಿಕ್ಕಿತು. ಇದನ್ನು ನಾನು ಇಸ್ತ್ರಿಯವನಿಂದಲ್ಲದೆ, ಕಥಾನಾಯಕರ ಮಹಡಿಯ ಮೇಲಿರುವ ನಿವೃತ್ತ ಶಿಕ್ಷಕಿಯಿಂದಲೂ ಅವರ ಕಚೇರಿಯ ಜವಾನನಿಂದಲೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಂಡಿದ್ದೇನೆ. ಮೂವರ ಪಾಠಗಳೂ ಸಂಗತಿಗಳಲ್ಲಿ ಒಪ್ಪುತ್ತವೆ. ಬೈಗುಳಗಳಲ್ಲಿ ಮಾತ್ರ ಭೇದವಿದೆ. ಭೇದವಿರುವಲ್ಲಿ ಸೌಮ್ಯವಾದ ಬೈಗುಳವನ್ನೇ ಆರಿಸಿದ್ದೇನೆ.

ಹೆಬ್ಬೆಟ್ಟು ಗುಮಾಸ್ತರೆಂದು ಎಲ್ಲರೂ ಕರೆಯುವ ಈ ಮಹನೀಯರು ನೋಂದಣಿ ಕಚೇರಿಯ ಮೂರನೆಯ ಕಿಟಕಿಯ ಅಧಿಪತಿಗಳು. ಮನೆ ಕೊಳ್ಳುವವರು, ಮಾರುವವರು, ಅಣ್ಣತಮ್ಮಂದಿರೊಡನೆ ಜಗಳವಾಡಿ ಪಾಲಾಗುವವರು, ಎಲ್ಲರೂ ಕೊನೆಗೆ ಆ ಕಿಟಕಿಯೊಳಗೆ ಕೈ ಚಾಚಲೇಬೇಕು. ಗುಮಾಸ್ತರು ಚಾಚಿದ ಹೆಬ್ಬೆರಳನ್ನು ಹಿಡಿದು, ಮಸಿಯ ಮೇಲೆ ಹೊರಳಿಸಿ, ಪತ್ರದ ಮೇಲೆ ಒತ್ತಿ, ಬಳಿಕ ತಮ್ಮ ಜೇಬಿನಿಂದ ಒಂದು ಚಿಂದಿಯನ್ನು ತೆಗೆದು ತಾವೇ ಒರೆಸಿ ಕಳುಹಿಸುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ಹನ್ನೊಂದು ವರ್ಷದ ಹಿಂದೆ ಇಲಾಖೆಯು ಮಸಿ ಬದಲಾಯಿಸಿದಾಗ, ನೀರಿಗೆ ಜಗ್ಗದ ಆ ಹೊಸ ಮಸಿ ಸೀಮೆಎಣ್ಣೆಯ ಚಿಂದಿಗೆ ಜಗ್ಗುತ್ತದೆಂದು ಕಂಡುಹಿಡಿದವರು ಅವರೇ. ಆ ಶೋಧಕ್ಕಾಗಿ ಮೇಲಿನಿಂದ ಬಂದ ಎರಡು ಸಾಲಿನ ಪ್ರಶಂಸಾಪತ್ರವನ್ನು ಗಾಜಿನ ಚೌಕಟ್ಟು ಹಾಕಿಸಿ ಮನೆಯ ಗೋಡೆಗೆ ತಗುಲಿಸಿದ್ದರು. ಅವರ ಅಂಗೈಗಳ ಇಸುಬಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಅದಕ್ಕೆ ಮಾತ್ರ ಯಾರೂ ಚೌಕಟ್ಟು ಹಾಕಿಸಿರಲಿಲ್ಲ.

ಎರಡು ಅಂಗೈಗಳೂ ಬಣ್ಣ ಎದ್ದ ಹಳೆಯ ಬಾಗಿಲಿನಂತೆ ಚಕ್ಕೆ ಚಕ್ಕೆಯಾಗಿ, ಬೆರಳ ಸಂದಿಗಳಲ್ಲಿ ಬಿರಿದು, ಕೆರೆದಷ್ಟೂ ಉರಿಯುತ್ತಿದ್ದವು. ಮುಲಾಮುಗಳು ಬಂದವು, ಹೋದವು. ಒಂದು ದಿನ ಕಿಟಕಿಯ ಆಚೆಯ ಹೆಂಗಸೊಬ್ಬಳು ಕೊಟ್ಟ ಹೆಬ್ಬೆರಳನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡು, "ಅಯ್ಯೋ, ಇದು ಅಂಟುತ್ತೆ ಕಣ್ರೀ!" ಎಂದು ಕೂಗಿದಳು. ಸಾಲು ಚದುರಿತು. ಗುಮಾಸ್ತರು ಆ ಹೆಂಗಸಿನ ಮೂರು ತಲೆಮಾರನ್ನು ವಿಚಾರಿಸಿಕೊಂಡರು. ಗದ್ದಲ ಕೇಳಿ ನೋಂದಣಿ ಸಾಹೇಬರು ಒಳಗಿನಿಂದ ಬಂದರು.

"ನೋಡಿ, ತಿಂಗಳ ಕೊನೆ ಒಳಗೆ ಕೈ ಸರಿಮಾಡ್ಕೊಳ್ಳಿ. ಇಲ್ದಿದ್ರೆ ನೆಲಮಾಳಿಗೆಯ ದಾಖಲೆ ಕೋಣೆಗೆ ಹೋಗಿ."

ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲ. ಅಲ್ಲಿರುವುದು ಹಳೆಯ ಕಡತಗಳು ಮತ್ತು ಗೆದ್ದಲು, ಗೆದ್ದಲಿಗೆ ಹೆಬ್ಬೆರಳಿಲ್ಲ. ಊರಿನ ಅರ್ಧ ಜನರ ಕೈ ಹಿಡಿದವರಿಗೆ ಇದಕ್ಕಿಂತ ದೊಡ್ಡ ಗಡೀಪಾರು ಇರಲಾರದು.

ಹೆಂಡತಿ ಅವರನ್ನು ಹೋಮಿಯೋಪತಿಯ ಡಾಕ್ಟರಮ್ಮನ ಬಳಿಗೆ ಕರೆದೊಯ್ದರು. ಒಂದೇ ಕೋಣೆಯ ದವಾಖಾನೆ. ನಡುವೆ ಒಂದು ಪರದೆ. ಪರದೆಯ ಈಚೆ ರೋಗಿ, ಆಚೆ ಬೆಂಚಿನ ಮೇಲೆ ಅದೇ ಬೀದಿಯ ಒಂಬತ್ತು ಜನ ಕಿವಿ ನಿಮಿರಿಸಿಕೊಂಡು. ಡಾಕ್ಟರಮ್ಮ ಅಂಗೈಯನ್ನು ಒಂದು ಸಲ ನೋಡಿ ಪಕ್ಕಕ್ಕೆ ಸರಿಸಿದರು.

"ನಾನು ರೋಗಕ್ಕೆ ಔಷಧಿ ಕೊಡಲ್ಲ, ಮನುಷ್ಯನಿಗೆ ಕೊಡ್ತೀನಿ. ನೂರ ನಲವತ್ತು ಪ್ರಶ್ನೆ ಇವೆ. ನಿಜ ಹೇಳಿ. ಯಾವ ಮಗ್ಗುಲಿಗೆ ಮಲಗ್ತೀರಿ?"

"ಬಲ."

"ಕನಸಲ್ಲಿ ಏನು ಬರುತ್ತೆ?"

"ಕಚೇರಿ."

"ಸಿಟ್ಟು ಬರುತ್ತಾ?"

ಇಲ್ಲಿ ಕಥೆಯ ಬೀಜವಿದೆ. ಪರದೆಯಾಚೆಯ ಒಂಬತ್ತು ಜೊತೆ ಕಿವಿಗಳನ್ನು ನೆನೆದು ಗುಮಾಸ್ತರು ಗಂಟಲು ಸರಿಮಾಡಿಕೊಂಡರು. "ಸಿಟ್ಟೇ? ನನಗೇ? ನೋಡಿ ಡಾಕ್ಟ್ರೇ, ಸರ್ಕಾರಿ ಕೆಲಸದಲ್ಲಿ ಇರೋನಿಗೆ ಸಿಟ್ಟು ಬರೋಕೆ ಅವಕಾಶವೇ ಇಲ್ಲ. ಯಾರಾದ್ರೂ ಬೈದ್ರೆ ನನಗೆ ಕಣ್ಣಲ್ಲಿ ನೀರು ಬರುತ್ತೆ, ಅಷ್ಟೇ."

ಪರದೆಯ ಆಚೆ ಯಾರಿಗೋ ಕೆಮ್ಮು ಹತ್ತಿತು.

"ಡಾಕ್ಟ್ರೇ, ಇವರ ಜೇಬಲ್ಲಿ ಆ ಚಿಂ..." ಎಂದು ಹೆಂಡತಿ ಬಾಯಿ ತೆರೆದರು.

"ಲೇ, ನೀನು ಸುಮ್ನಿರೇ! ರೋಗಿ ನಾನೋ ನೀನೋ?" ಎಂದು ಗುಮಾಸ್ತರು ಎಂದೂ ಸಿಟ್ಟು ಬಾರದ ಮನುಷ್ಯನ ಧ್ವನಿಯಲ್ಲಿ ಗದರಿದರು. ಡಾಕ್ಟರಮ್ಮ ಬರೆಯುವುದರಲ್ಲಿ ಮುಳುಗಿದ್ದರಿಂದ ಅದು ಅವರ ಗಮನಕ್ಕೆ ಬರಲಿಲ್ಲ. ಸೌಮ್ಯ, ಅಳುಬುರುಕ, ಕ್ಷಮಾಶೀಲ ಎಂದು ಬರೆದುಕೊಂಡು, ಅಂಥವರಿಗೆ ಕೊಡುವ ಸಿಹಿಗುಳಿಗೆಗಳನ್ನು ಸೀಸೆಗೆ ತುಂಬಿದರು. "ಕೈಯಲ್ಲಿ ಮುಟ್ಟಬೇಡಿ, ಮುಚ್ಚಳಕ್ಕೆ ಉದುರಿಸ್ಕೊಂಡು ನಾಲಿಗೆ ಮೇಲೆ ಹಾಕ್ಕೊಳ್ಳಿ. ಆಮೇಲೆ ಕಾಲು ಗಂಟೆ ಮಾತಾಡಬೇಡಿ. ಕಾಫಿ ಬೇಡ, ಹಸಿ ಈರುಳ್ಳಿ ಬೇಡ. ಘಾಟು ವಾಸನೆ ಇರೋದು ಯಾವುದೂ ಹತ್ತಿರ ಸುಳೀಬಾರದು."

ಗುಮಾಸ್ತರು ಯಾವ ಸುತ್ತೋಲೆಯನ್ನೂ ಅರ್ಧ ಪಾಲಿಸಿದವರಲ್ಲ. ಮನೆಗೆ ಬಂದವರೇ ಹೆಂಡತಿಯ ತಲೆಗೆ ಹಚ್ಚುವ ಎಣ್ಣೆ, ಮುಖದ ಪೌಡರು, ಬಟ್ಟೆಯ ಪೆಟ್ಟಿಗೆಯ ನುಸಿಗುಳಿಗೆ, ನೋವಿನ ಮುಲಾಮು ಎಲ್ಲವನ್ನೂ ಚೀಲಕ್ಕೆ ತುಂಬಿ ಬೀದಿಯ ತೊಟ್ಟಿಗೆ ಎಸೆದರು. ಮಲ್ಲಿಗೆಯ ಬಳ್ಳಿಯನ್ನು ಕುಂಡ ಸಮೇತ ಮೇಲಿನ ಮನೆಗೆ ಸಾಗಿಸಿದರು. ಇಷ್ಟೂ ಹೊತ್ತು ಅವರ ಜೇಬಿನಲ್ಲಿ ಸೀಮೆಎಣ್ಣೆಯ ಚಿಂದಿ ಇತ್ತು.

"ರೀ, ಎಲ್ಲಾ ಎಸೆದ್ರಲ್ಲ, ಆ ಜೇಬಲ್ಲಿರೋ..."

"ಬಾಯ್ಮುಚ್ಚು! ಗುಳಿಗೆ ತಗೊಂಡು ಕಾಲು ಗಂಟೆ ಮಾತಾಡಬಾರದು."

"ಮಾತಾಡಬಾರದು ಅಂದಿದ್ದು ನಿಮಗೆ ಕಣ್ರೀ!"

ಎರಡು ವಾರ ಕಳೆಯಿತು. ಇಸುಬು ಅಂಗೈ ದಾಟಿ ಮಣಿಕಟ್ಟಿಗೆ ಬಂತು. ಗುಮಾಸ್ತರು ಸೀಸೆಯನ್ನು ಡಾಕ್ಟರಮ್ಮನ ಮೇಜಿನ ಮೇಲೆ ಕುಕ್ಕಿದರು.

"ಇದು ಔಷಧಿಯೋ, ಸಕ್ಕರೆ ಅಂಗಡಿಯೋ?"

ಡಾಕ್ಟರಮ್ಮ ಕನ್ನಡಕ ತೆಗೆದರು. "ನನ್ನ ಔಷಧಿ ತಪ್ಪಿಲ್ಲ. ನೀವು ಹೇಳಿದ ಮನುಷ್ಯನಿಗೆ ಇದೇ ಸರಿ. ಆ ಮನುಷ್ಯ ನೀವು ಹೌದೋ ಅಲ್ವೋ, ಅದು ನನಗೆ ಅನುಮಾನ. ನಿಮ್ಮನ್ನ ಚೆನ್ನಾಗಿ ಬಲ್ಲ ಮೂರು ಜನ ನಿಮ್ಮ ಸ್ವಭಾವ ಎಂಥದ್ದು ಅಂತ ಒಂದು ಚೀಟೀಲಿ ಬರೆದುಕೊಡಲಿ. ಆಮೇಲೆ ಬನ್ನಿ."

ಬೇರೆ ಯಾರಾದರೂ ಆಗಿದ್ದರೆ ಮೂರು ಚೀಟಿ ಬರೆಸಿ ತಂದು, ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನೋಂದಣಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವರಿಗೆ ಚೀಟಿ ಎಂಬುದು ಕಾಗದವೇ ಅಲ್ಲ. ಗುಮಾಸ್ತರು ಛಾಪಾ ಕಾಗದ ಕೊಂಡು ತಂದು, ಸ್ವಹಸ್ತದಿಂದ ಹೀಗೆ ಬರೆದರು:

"ಕೆಳಗೆ ರುಜು ಮಾಡಿರುವ ನಾವುಗಳು ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥಚಿತ್ತದಿಂದ, ಸ್ವಸಂತೋಷದಿಂದ ಬರೆದುಕೊಟ್ಟ ಶಾಂತಸ್ವಭಾವ ದೃಢೀಕರಣ ಪತ್ರದ ಕ್ರಮವೇನೆಂದರೆ: ಸದರಿ ಗುಮಾಸ್ತರಿಗೆ ಸಿಟ್ಟು ಎಂಬುದು ಹಿಂದೆ ಬಂದಿರುವುದಿಲ್ಲ, ಈಗ ಬರುತ್ತಿಲ್ಲ, ಮುಂದೆಯೂ ಬರತಕ್ಕದ್ದಲ್ಲ."

ಕೆಳಗೆ ಮೂರು ಸಾಕ್ಷಿಗಳಿಗೆ ಮೂರು ಗೆರೆ ಎಳೆದು, ಮಸಿಯ ಡಬ್ಬಿ ಹಿಡಿದು ಬೀದಿಗಿಳಿದರು. ಮೊದಲು ಇಸ್ತ್ರಿಯವನು.

"ಹಾಕಯ್ಯಾ ಇಲ್ಲಿ ಹೆಬ್ಬೆಟ್ಟು."

"ನನಗೆ ಸಹಿ ಬರುತ್ತೆ ಸಾರ್. ಓದೋಕೂ ಬರುತ್ತೆ," ಎಂದ ಇಸ್ತ್ರಿಯವನು ಓದಿ ಕಾಗದವನ್ನು ಹಿಂದಕ್ಕೆ ಕೊಟ್ಟ. "ಸುಳ್ಳು ಪತ್ರಕ್ಕೆ ಸಾಕ್ಷಿ ಹಾಕಿದ್ರೆ ಜೈಲು ಅಂತ ಹೋದ ವರ್ಷ ನನ್ನ ಭಾವನಿಗೆ ಕಿಟಕೀಲಿ ಕೂಗಿದ್ದು ನೀವೇ ಅಲ್ವಾ? ಇನ್ನೊಂದು ಮಾತು ಸಾರ್. ನಿಮ್ಮ ಅಂಗಿಗೆ ಪೆಟ್ಟಿಗೆ ಇಡೋಕೆ ನನಗೆ ಭಯ. ಸೀಮೆಎಣ್ಣೆ ವಾಸನೆ. ಒಂದು ಕಿಡಿ ಬಿದ್ರೆ..."

"ಇಸ್ತ್ರಿ ಮಾಡೋದು ಬಿಟ್ಟು ವಾಸನೆ ನೋಡ್ತಾ ಕೂತಿದ್ದೀಯಾ? ನಾಳೆಯಿಂದ ನಿನ್ನ ಅಂಗಡಿಗೆ ನನ್ನ ಕರವಸ್ತ್ರವೂ ಬರಲ್ಲ!"

"ಇದನ್ನೂ ಕಾಗದದಲ್ಲಿ ಸೇರಿಸ್ಲಾ ಸಾರ್?"

ಮಹಡಿಯ ಶಿಕ್ಷಕಿ ಪತ್ರವನ್ನು ಓದಿ, ಕೆಂಪು ಪೆನ್ನು ತೆಗೆದುಕೊಂಡರು. ನಲವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ಸುಮ್ಮನಿರಲಿಲ್ಲ. 'ಬಂದಿರುವುದಿಲ್ಲ' ಎಂಬುದರ ಕೆಳಗೆ ಗೆರೆ ಎಳೆದು 'ತಪ್ಪು' ಎಂದು ಬರೆದರು. ಬಳಿಕ ಕಪಾಟಿನಿಂದ ಒಂದು ದಿನಚರಿ ತೆಗೆದರು.

"ಕಳೆದ ತಿಂಗಳು ಮೂರನೇ ತಾರೀಕು, ಹಾಲಿನವನ ಮೇಲೆ, ಬೆಳಿಗ್ಗೆ. ಐದನೇ ತಾರೀಕು, ಹಾಲಿನ ಮೇಲೆ. ಹಾಲಿನವನು ಹಾಲಿಟ್ಟು ಹೋಗಿಬಿಟ್ಟಿದ್ದ. ಒಂಬತ್ತು, ಹನ್ನೊಂದು, ಹನ್ನೆರಡು, ಮೆಟ್ಟಿಲಿನ ಮೇಲೆ."

"ಮೆಟ್ಟಿಲ ಮೇಲೆ ಯಾರ ಹತ್ರ?"

"ಮೆಟ್ಟಿಲ ಹತ್ರವೇ. ಎಡವಿದ್ರಿ."

"ನಾನು ಬೈಯೋದನ್ನ ನೀವು ಬರೆದಿಟ್ಕೊಳ್ತೀರಾ? ನಿಮಗೆ ಬೇರೆ ಕೆಲಸ ಇಲ್ವಾ? ನಿವೃತ್ತಿ ಆದ್ರೆ ಬುದ್ಧೀನೂ ನಿವೃತ್ತಿ ಆಗುತ್ತಾ?"

ಶಿಕ್ಷಕಿ ಗಡಿಯಾರ ನೋಡಿ, ದಿನಚರಿಯ ಹೊಸ ಪುಟ ತೆರೆದು, ಈ ಮಾತನ್ನೂ ವೇಳೆಸಮೇತ ಬರೆದುಕೊಂಡರು.

ಸಾಕ್ಷಿಗಳು ಸಿಗದ ಪತ್ರವನ್ನು ಹಿಡಿದು ಗುಮಾಸ್ತರು ನೇರವಾಗಿ ಸಾಹೇಬರ ಕೋಣೆಗೆ ನುಗ್ಗಿದರು. "ಸಾರ್, ಸಾಕ್ಷಿ ಇಲ್ಲದೆ ಪತ್ರ ಸಿಂಧು ಆಗೋಕೆ ದಾರಿ ಇದೆಯಾ?"

ಸಾಹೇಬರು ಪತ್ರವನ್ನು ಎರಡು ಸಲ ಓದಿದರು. ಅವರು ಆರು ವರ್ಷಗಳಿಂದ ಗುಮಾಸ್ತರ ಕೂಗಾಟದ ಪಕ್ಕದಲ್ಲಿ ಕುಳಿತು ಕಡತ ನೋಡುತ್ತಿದ್ದವರು. ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಹೇಳಿದರು: "ಇದೆಯಲ್ಲ. ನೋಟೀಸು ಬೋರ್ಡಿಗೆ ಹಾಕಿ. ಏಳು ದಿನದಲ್ಲಿ ಆಕ್ಷೇಪಣೆ ಬರದಿದ್ರೆ ನಿಜ ಅಂತಲೇ ಅರ್ಥ. ನಿಯಮ ನಿಮಗೇ ಗೊತ್ತು."

ಗುಮಾಸ್ತರಿಗೆ ಸಂತೋಷವಾಯಿತು. ಆ ಬೋರ್ಡನ್ನು ಯಾರಾದರೂ ಓದಿದ್ದನ್ನು ಅವರು ಇಪ್ಪತ್ತೆರಡು ವರ್ಷಗಳಲ್ಲಿ ಕಂಡಿರಲಿಲ್ಲ. ಪತ್ರದ ಕೆಳಗೆ ಕಚೇರಿಯ ಅಚ್ಚಾದ ನಿಯಮವನ್ನೂ ಅಂಟಿಸಿದರು: "ಬಂದ ಆಕ್ಷೇಪಣೆಗಳನ್ನು ಸಂಬಂಧಪಟ್ಟ ಗುಮಾಸ್ತನು ಎಲ್ಲರ ಎದುರು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದತಕ್ಕದ್ದು. ಓದುವಾಗ ಯಾರೂ ನಡುವೆ ಬಾಯಿ ಹಾಕತಕ್ಕದ್ದಲ್ಲ." ಈ ನಿಯಮ ಮುರಿದವರನ್ನು ಅವರೇ ಎಷ್ಟೋ ಸಲ ಕಚೇರಿಯಿಂದ ಹೊರಹಾಕಿದ್ದರು.

ಬೋರ್ಡನ್ನು ಯಾರೂ ಓದುವುದಿಲ್ಲವೆಂಬುದು ನಿಜ. ಆದರೆ ಜವಾನ ಅದನ್ನು ಸಾಲಿನಲ್ಲಿ ನಿಂತವರಿಗೆಲ್ಲ ಅಭಿನಯಸಹಿತ ಓದಿ ಹೇಳಬಹುದೆಂಬುದು ಗುಮಾಸ್ತರಿಗೆ ಹೊಳೆದಿರಲಿಲ್ಲ. ಮೂರನೆಯ ದಿನಕ್ಕೆ ಆಕ್ಷೇಪಣೆಗಳ ಪುಟ್ಟ ಪೆಟ್ಟಿಗೆಯ ಬಾಯಿ ಮುಚ್ಚಲಾಗದೆ, ಆತ ಪಕ್ಕದಲ್ಲೊಂದು ಬುಟ್ಟಿ ಇಟ್ಟ.

ವಿಚಾರಣೆಯ ದಿನ ತಿಂಗಳ ಕೊನೆಯ ಕೆಲಸದ ದಿನವಾಗಿತ್ತು. ಸಾಹೇಬರ ಮೇಜಿನ ಸುತ್ತ ಜನ ಕಿಕ್ಕಿರಿದಿದ್ದರು. ಪತ್ರ ಬೇಕೆಂದು ಕೇಳಿದವರಾದ್ದರಿಂದ ಡಾಕ್ಟರಮ್ಮನನ್ನೂ ಕರೆಸಲಾಗಿತ್ತು. ಹಿಂದಿನ ಗೋಡೆಗೆ ಒರಗಿ ಗುಮಾಸ್ತರ ಹೆಂಡತಿ ನಿಂತಿದ್ದರು.

"ಹದಿನೆಂಟು ಆಕ್ಷೇಪಣೆ," ಎಂದರು ಸಾಹೇಬರು. "ಓದಿ."

ಗುಮಾಸ್ತರು ಕೆರೆದುಕೊಳ್ಳುತ್ತ ಓದತೊಡಗಿದರು. "ಆಕ್ಷೇಪಣೆ ಒಂದು. ನನ್ನ ಹೆಬ್ಬೆರಳನ್ನು ಇವರು ಒತ್ತಿದ ರಭಸಕ್ಕೆ ಉಗುರು ಕಪ್ಪಾಗಿ ಬಿದ್ದುಹೋಗಿರುತ್ತದೆ. ಹೊಸ ಉಗುರು ಬಂದಿರುತ್ತದೆ, ಆದರೆ ಸೊಟ್ಟ... ಸಾರ್, ಇವನು ಕೈ ಗಟ್ಟಿ ಹಿಡಿದಿದ್ದ!"

"ನಡುವೆ ಬಾಯಿ ಹಾಕೋ ಹಾಗಿಲ್ಲ. ಓದಿ."

"ಆಕ್ಷೇಪಣೆ ಎರಡು. 'ನಿನ್ನ ಬೆರಳಲ್ಲಿ ಗೆರೆನೇ ಇಲ್ಲವಲ್ಲೇ, ಇಷ್ಟು ವರ್ಷ ಏನು ಮಾಡ್ತಿದ್ದೆ' ಅಂತ ಎಲ್ಲರ ಮುಂದೆ ಬೈದರು. ಪಾತ್ರೆ ತೊಳೀತಿದ್ದೆ ಸಾಹೇಬರೆ. ಮೂವತ್ತು ವರ್ಷ ಬೇರೆಯವರ ಮನೆ ಪಾತ್ರೆ ತೊಳೆದು ಆ ಮನೆ ಕೊಂಡಿದ್ದು."

ಯಾರೂ ನಗಲಿಲ್ಲ. ಗುಮಾಸ್ತರ ಕಿವಿ ಕೆಂಪಾಯಿತು. ಅದು ಸಿಟ್ಟಿನ ಕೆಂಪು ಎನ್ನುತ್ತಾನೆ ಜವಾನ. ಇಸ್ತ್ರಿಯವನಿಗೆ ಹಾಗೆ ಕಂಡಿಲ್ಲ.

ಐದನೆಯದು ಶಿಕ್ಷಕಿಯದು: ಹನ್ನೊಂದು ಹಾಳೆ, ತಾರೀಕುವಾರು, ಕೊನೆಯಲ್ಲಿ ಅಂಕ: ನೂರಕ್ಕೆ ನಾಲ್ಕು, ಅಕ್ಷರ ದುಂಡಾಗಿರುವುದಕ್ಕೆ. ಎಂಟನೆಯದು ಇಸ್ತ್ರಿಯವನದು. ಹದಿನೇಳನೆಯದು ಜವಾನನದೇ, ಅದರಲ್ಲಿ ಬರೀ ಬೈಗುಳಗಳ ಪಟ್ಟಿಯಿತ್ತು, ಗುಮಾಸ್ತರು ತಮ್ಮ ಬೈಗುಳಗಳನ್ನೇ ತಮ್ಮ ಬಾಯಲ್ಲಿ, ಒಂದೊಂದಾಗಿ, ಗಟ್ಟಿಯಾಗಿ ಓದಬೇಕಾಯಿತು. ಮುಗಿಯುವ ಹೊತ್ತಿಗೆ ಅವರ ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತ್ತು.

"ಇವರೆಲ್ಲಾ ಸೇರಿ ಪಿತೂರಿ ಮಾಡಿದ್ದಾರೆ! ಹೆಬ್ಬೆಟ್ಟು ಒತ್ತೋಕೂ ಗೊತ್ತಿಲ್ಲದ ಮುಂಡೇವು! ನನಗೆ ಸಿಟ್ಟು ಬರಲ್ಲಾ ಅಂದ್ರೆ ಬರಲ್ಲಾ!" ಎಂದು ಮೇಜು ಗುದ್ದಿದ ಹೊಡೆತಕ್ಕೆ ಮಸಿಯ ಡಬ್ಬಿ ಹಾರಿ ಸಾಹೇಬರ ಅಂಗಿಯ ಮೇಲೆ ಬಿತ್ತು.

ಡಾಕ್ಟರಮ್ಮ ಪುಸ್ತಕ ತೆರೆದು 'ಅಳುಬುರುಕ' ಎಂಬುದನ್ನು ಹೊಡೆದು ಹಾಕಿದರು.

"ಇನ್ನೊಂದಿದೆ," ಎಂದರು ಸಾಹೇಬರು, ಅಂಗಿಯನ್ನು ನೋಡಿಕೊಳ್ಳದೆ. "ಹದಿನೆಂಟು. ಓದಿ."

ಗುಮಾಸ್ತರು ಮಡಿಸಿದ ಕಾಗದ ಬಿಡಿಸಿದರು. ಅಕ್ಷರ ಕಂಡೊಡನೆ ಕಣ್ಣೆತ್ತಿ ಹಿಂದಿನ ಗೋಡೆಯ ಕಡೆ ನೋಡಿದರು. "ಲೇ, ನೀನೂ..."

"ಬಾಯಿ ಹಾಕೋ ಹಾಗಿಲ್ಲ," ಎಂದಿತು ಹಿಂದಿನ ಗೋಡೆ.

ಅವರು ಓದಿದರು. ಈ ಬರಹ ಮೂವರ ಪಾಠಗಳಲ್ಲೂ ಅಕ್ಷರಶಃ ಒಂದೇ ಆಗಿರುವುದರಿಂದ ಪೂರ್ತಿಯಾಗಿ ಕೊಡುತ್ತಿದ್ದೇನೆ.

"ಸಾಹೇಬರಿಗೆ ನಮಸ್ಕಾರ. ಇವರಿಗೆ ಸಿಟ್ಟು ಬರುತ್ತದೆ ಎಂದು ಹೇಳಲು ನಾನು ಬಂದಿಲ್ಲ, ಅದನ್ನು ಹದಿನೇಳು ಜನ ಹೇಳಿರುತ್ತಾರೆ. ನನ್ನ ಆಕ್ಷೇಪಣೆ ಇವರ ಜೇಬಿನ ಚಿಂದಿಯ ಮೇಲೆ. ಅದರಲ್ಲಿ ಸೀಮೆಎಣ್ಣೆ ಇದೆ. ದಿನಕ್ಕೆ ಅರವತ್ತು ಸಲ ಇವರು ಅದನ್ನು ಅಂಗೈಯಲ್ಲಿ ಹಿಂಡುತ್ತಾರೆ. ಮಸಿ ಬದಲಾದ ವರ್ಷವೇ ಇಸುಬು ಬಂತು. ಭಾನುವಾರ ಸಂಜೆ ತುರಿಕೆ ಇಳಿಯುತ್ತದೆ, ಸೋಮವಾರ ಸಂಜೆ ಏರುತ್ತದೆ. ನಮ್ಮತ್ತೆ ಆಸ್ಪತ್ರೆಯಲ್ಲಿದ್ದಾಗ ಇವರು ಒಂದೂವರೆ ತಿಂಗಳು ರಜೆ ಹಾಕಿದ್ದರು. ಆಗ ಅಂಗೈ ಎಳೆ ಮಗುವಿನ ಅಂಗೈಯಂತಾಗಿತ್ತು. ಅಮ್ಮನ ಆಶೀರ್ವಾದ ಎಂದರು. ಇದನ್ನು ನಾನು ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ. ಒಂದು ಸಲವೂ ನನ್ನ ವಾಕ್ಯ ಮುಗಿದಿಲ್ಲ. ಆಕ್ಷೇಪಣೆಯನ್ನು ಕೊನೆಯವರೆಗೆ ಓದತಕ್ಕದ್ದು, ನಡುವೆ ಬಾಯಿ ಹಾಕತಕ್ಕದ್ದಲ್ಲ ಎಂದು ನಿಮ್ಮ ಬೋರ್ಡಿನಲ್ಲಿ ನೋಡಿದೆ. ಅದಕ್ಕೇ ಬರೆದೆ. ನನ್ನ ತಲೆ ಎಣ್ಣೆ ಎಸೆದದ್ದಕ್ಕೂ ನನ್ನ ಆಕ್ಷೇಪಣೆ ಇದೆ."

ಡಾಕ್ಟರಮ್ಮ ಎದ್ದು ಬಂದು, ಗುಮಾಸ್ತರ ಜೇಬಿಗೆ ತಾವೇ ಕೈ ಹಾಕಿ, ಎರಡು ಬೆರಳಲ್ಲಿ ಚಿಂದಿಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು. ಅವರ ಮುಖವೂ ಕೆಂಪೇರಿತು.

"ನೂರ ನಲವತ್ತು ಪ್ರಶ್ನೆ ಕೇಳಿದೆ," ಎಂದರು ಹಲ್ಲು ಕಚ್ಚಿ. "ಯಾವ ಮಗ್ಗುಲು, ಯಾವ ಕನಸು, ಎಲ್ಲಾ ಕೇಳಿದೆ. ದಿನವೆಲ್ಲ ಕೈಯಲ್ಲಿ ಏನು ಹಿಡೀತೀರಿ ಅಂತ ಒಂದು ಕೇಳಲಿಲ್ಲ!"

"ಕೇಳಿದ್ರೂ ಇವರು 'ಹೂವು' ಅಂತಿದ್ರು," ಎಂದರು ಹೆಂಡತಿ.

ಆಗ ಬಂದ ನಗೆಯ ಅಲೆಗೆ ಸಾಲು ಮೆಟ್ಟಿಲವರೆಗೆ ಅಲುಗಾಡಿತು. ಗುಮಾಸ್ತರು ಬಾಯಿ ತೆರೆದರು. ಎಲ್ಲರೂ ಕಿವಿ ಮುಚ್ಚಿಕೊಂಡರು. ಆದರೆ ಅವರು ಕಾಗದವನ್ನು ಮೊದಲಿನಿಂದ ಇನ್ನೊಂದು ಸಲ, ಈ ಸಲ ಮನಸ್ಸಿನಲ್ಲೇ, ಓದಿಕೊಂಡರು. ಆಮೇಲೆ ಅವರ ಸಿಟ್ಟು ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಸರಿಯಾದ ದಿಕ್ಕಿಗೆ ತಿರುಗಿತು.

"ಸಾರ್! ನೀರಿಗೆ ಹೋಗದ ಮಸಿ ಕೊಟ್ಟು, ಒರೆಸೋಕೆ ಏನೂ ಕೊಡದೆ, ಎರಡು ಸಾಲು ಪ್ರಶಂಸೆ ಬರೆದು ಕೈ ತೊಳ್ಕೊಂಡ್ರಲ್ಲ ಇಲಾಖೆಯವರು? ಅವರು ಕೈ ತೊಳ್ಕೊಂಡ್ರು, ನನ್ನ ಕೈ ಹೋಯ್ತು! ನನ್ನನ್ನ ನೆಲಮಾಳಿಗೆಗೆ ಹಾಕೋ ಮೊದಲು ಈ ಮಸೀನ ಹಾಕಿ!"

"ಆಕ್ಷೇಪಣೆ ಇದ್ರೆ ಬರೆದುಕೊಡಿ," ಎಂದರು ಸಾಹೇಬರು.

ಗುಮಾಸ್ತರು ಅಲ್ಲೇ ನಿಂತು ಬರೆದರು: ಹಳೆಯ ಮಸಿ ವಾಪಸು ಬರಬೇಕು, ಕಿಟಕಿಯ ಪಕ್ಕ ನೀರಿನ ನಲ್ಲಿ ಮತ್ತು ಸಾಬೂನು ಇರಬೇಕು, ಒತ್ತಿದವರು ತಮ್ಮ ಬೆರಳನ್ನು ತಾವೇ ತೊಳೆದುಕೊಳ್ಳತಕ್ಕದ್ದು. ಸಾಕ್ಷಿಗಳೆಂದು ಮೂರು ಗೆರೆ ಎಳೆದು, ತಲೆಯೆತ್ತಿ ಜನರತ್ತ ನೋಡಿದರು. ಮೊದಲು ಮುಂದೆ ಬಂದವಳು ಪಾತ್ರೆ ತೊಳೆಯುವ ಮುದುಕಿ. ಗೆರೆಯೇ ಇಲ್ಲದ ತನ್ನ ಹೆಬ್ಬೆರಳನ್ನು ಸಾಹೇಬರ ಅಂಗಿಯ ಮೇಲಿನ ಮಸಿಗೆ ತಾಗಿಸಿ, ಕಾಗದದ ಮೇಲೆ ಒತ್ತಿದಳು. "ಈಗ ಗೆರೆ ಹುಡುಕ್ಬೇಡಿ," ಎಂದಳು. ಅವಳ ಹಿಂದೆ ಉಳಿದವರೆಲ್ಲ ಬಂದರು. ಸೊಟ್ಟ ಉಗುರಿನವನೂ ಬಂದ.

ಹಳೆಯ ಮಸಿ ಬಂದು, ಮೂರನೆಯ ಕಿಟಕಿಯ ಪಕ್ಕ ನಲ್ಲಿ ಕೂತು, ಎರಡು ತಿಂಗಳಿಗೆ ಅಂಗೈಗಳು ತಿಳಿಯಾದವು. ಅಲ್ಲಿಯವರೆಗೆ ಗುಮಾಸ್ತರು ನೆಲಮಾಳಿಗೆಯಲ್ಲಿ ಕುಳಿತು ಗೆದ್ದಲನ್ನು ಬೈದರು. ಆಮೇಲೆ ಕಿಟಕಿಗೆ ಮರಳಿದರು. ಇದರ ಶ್ರೇಯಸ್ಸು ಯಾರಿಗೆ ಸಲ್ಲಬೇಕೆಂಬಲ್ಲಿ ಪಾಠಭೇದ ವಿಪರೀತವಾಗಿದೆ. ವಿಚಾರಣೆಯ ದಿನ ತಾವು ಬದಲಾಯಿಸಿಕೊಟ್ಟ ಮುಂಗೋಪಿಗಳ ಗುಳಿಗೆಯಿಂದ ಎನ್ನುತ್ತಾರೆ ಡಾಕ್ಟರಮ್ಮ. ಶಿಸ್ತುಕ್ರಮದಿಂದ ಎನ್ನುತ್ತಾರೆ ಸಾಹೇಬರು. ಜವಾನ ತನ್ನ ಅಭಿನಯದಿಂದ ಎನ್ನುತ್ತಾನೆ. ಡಾಕ್ಟರಮ್ಮನ ಪ್ರಶ್ನೆಗಳು ಮಾತ್ರ ಈಗ ನೂರ ನಲವತ್ತೊಂದು, ಹೊಸದೇ ಮೊದಲನೆಯದು.

ಗುಮಾಸ್ತರ ಹೆಂಡತಿಯನ್ನು ಕಾಣಲು ನಾನೂ ಒಂದು ಸಂಜೆ ಹೋಗಿದ್ದೆ. ಗೋಡೆಯ ಗಾಜಿನ ಚೌಕಟ್ಟು ಅಲ್ಲೇ ಇತ್ತು; ಒಳಗೆ ಪ್ರಶಂಸಾಪತ್ರವಿರಲಿಲ್ಲ, ಹದಿನೆಂಟನೆಯ ಆಕ್ಷೇಪಣೆಯಿತ್ತು. ಅದನ್ನು ಯಾರು ಹಾಕಿಸಿದರೆಂದು ಕೇಳಿದೆ. ಆಕೆ ಉತ್ತರಿಸತೊಡಗಿದ್ದರು, ಅಷ್ಟರಲ್ಲಿ ಒಳಗಿನಿಂದ ಗುಮಾಸ್ತರ ಧ್ವನಿ ಬಂತು: "ಲೇ, ನೀನು ಸುಮ್ನಿ..."

ಅಲ್ಲಿಗೇ ನಿಂತಿತು. ಬಾಗಿಲಿನ ಸಂದಿಯಿಂದ ಒಂದು ಬಿಳಿ ಹಾಳೆ ಮತ್ತು ಪೆನ್ನು ಮುಂದೆ ಬಂದವು. "ಆಕ್ಷೇಪಣೆ ಇದ್ರೆ ಬರೆದುಕೊಡು. ಪೂರ್ತಿ ಓದ್ತೀನಿ."

ಆಕೆ ಹಾಳೆಯತ್ತ ನೋಡಲೂ ಇಲ್ಲ.

"ಬರೆಯೋದೆಲ್ಲಾ ಆಯ್ತು. ಇನ್ಮೇಲೆ ಹೇಳೋದೇ. ಬಂದು ಕೂತ್ಕೊಳ್ಳಿ."

ಅವರು ಬಂದು ಕುಳಿತರು. ನಾನೂ ಪುಸ್ತಕ ಮುಚ್ಚಿದೆ.